ಟೆಂಡರ್ ದಿನಕ್ಕೆ ಮುಂಚೆ ಸರ್ವರ್ ಅಳೆದಿದ್ದು

ಬ್ಯಾಡಗಿಯ ಕೆಲವು ದಲಾಲಿ ಅಂಗಡಿಗಳ ಬಿಲ್ಲಿಂಗ್ ಸರ್ವರನ್ನು ನಾನು ಹುಬ್ಬಳ್ಳಿಯಲ್ಲಿ ಕೂತು ನೋಡಿಕೊಳ್ಳುತ್ತೇನೆ. ಲಿನಕ್ಸ್ ಮೇಲೆ ಮೈಎಸ್‌ಕ್ಯೂಎಲ್ 8 ಡೇಟಾಬೇಸ್. ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ದರ ಗೊತ್ತಾದ ಕೂಡಲೇ ಎಲ್ಲ ಅಂಗಡಿಯವರೂ ಒಟ್ಟಿಗೇ ರೈತರ ಪಟ್ಟಿ, ಅಂದರೆ ಮಾರಿದ ಮಾಲಿನ ಲೆಕ್ಕದ ಚೀಟಿ, ತೆಗೆಯುತ್ತಾರೆ, ಸರ್ವರ್ ಕುಸಿಯುತ್ತಿದ್ದದ್ದೂ ಆಗಲೇ. ಮಾಲು ಮಾರಿ ಊರಿಗೆ ಹೊರಡಬೇಕಾದ ರೈತ ಪ್ರಿಂಟರ್ ಮುಂದೆ ಕಾಯುತ್ತಾ ನಿಲ್ಲಬಾರದು. ದೊಡ್ಡ ಸರ್ವರ್ ಹಾಕೋಣ ಅಂದರು ಅಂಗಡಿಯವರು. ಮೊದಲು ಅಳೆಯೋಣ ಅಂದೆ.

ಅಳೆಯೋಕೆ ಹೊಸದೇನೂ ಕೊಳ್ಳಬೇಕಿಲ್ಲ, ಸರ್ವರ್ ಜೊತೆಗೇ ಬರುವ ಕಮಾಂಡ್‌ಗಳೇ ಸಾಕು. ನೆಟ್ ನಿಧಾನ ಇದ್ದರೂ ನಡೆಯುತ್ತವೆ. ಸರ್ವರ್ ನಡೆಯುತ್ತಿದೆಯಾ ಅಂತ ಕೇಳುವ ಮೈಎಸ್‌ಕ್ಯೂಎಲ್‌ಅಡ್ಮಿನ್ ಕಮಾಂಡ್‌ನ ಪಿಂಗ್ ಒಂದನ್ನೇ ನಂಬಬೇಡಿ. ಪಾಸ್‌ವರ್ಡ್ ತಪ್ಪಿದ್ದರೂ ಸರ್ವರ್ ನಡೆಯುತ್ತಿದ್ದರೆ ಅದು ಸೊನ್ನೆಯನ್ನೇ, ಅಂದರೆ ಎಲ್ಲ ಸರಿ ಅಂತಲೇ, ಹಿಂತಿರುಗಿಸುತ್ತದೆ. ಆ ಕ್ಷಣ ಏನೇನು ನಡೆಯುತ್ತಿದೆ ಅಂತ ತೋರಿಸುವ ಅದರ ಪ್ರೊಸೆಸ್‌ಲಿಸ್ಟ್ ಜಾಸ್ತಿ ಉಪಯೋಗ. ಟೆಂಡರ್ ಹೊತ್ತಲ್ಲಿ ನೋಡಿದರೆ ಒಂದೇ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಸಾಲಾಗಿ ನಿಂತಿತ್ತು.

ಮಿತಿಗಿಂತ ಜಾಸ್ತಿ ಹೊತ್ತು ತೆಗೆದುಕೊಂಡ ಕ್ವೆರಿಗಳನ್ನು ಬರೆದಿಡುವ ಸ್ಲೋ ಕ್ವೆರಿ ಲಾಗ್ ಆನ್ ಮಾಡಿದೆ. ಅದರ ಮಿತಿ ಮೊದಲಿಗೆ 10 ಸೆಕೆಂಡ್ ಇರುತ್ತದೆ, ಬಿಲ್ಲಿಂಗ್‌ಗೆ ಅದು ವಿಪರೀತ ಆಯಿತು, ಅಲ್ವಾ, 1ಕ್ಕೆ ಇಳಿಸಿದೆ. ಆ ಲಾಗನ್ನು ಮೈಎಸ್‌ಕ್ಯೂಎಲ್‌ಡಂಪ್‌ಸ್ಲೋಗೆ ಕೊಟ್ಟರೆ ಅಂಕಿಗಳನ್ನೆಲ್ಲ ಎನ್ ಅಂತ ಮಾಡಿ ಒಂದೇ ಥರದ ಕ್ವೆರಿಗಳನ್ನು ಗುಂಪು ಕಟ್ಟಿ ತೋರಿಸುತ್ತದೆ. ಮೇಲೇ ಕೂತಿತ್ತು ನಮ್ಮ ಪಟ್ಟಿ ಕ್ವೆರಿ. ಕ್ವೆರಿ ಹೇಗೆ ಹುಡುಕುತ್ತದೆ ಅಂತ ಹೇಳುವ ಎಕ್ಸ್‌ಪ್ಲೇನ್ ಹಾಕಿದರೆ ಟೈಪ್ ಜಾಗದಲ್ಲಿ 'ಆಲ್', ಅಂದರೆ ಪ್ರತಿ ಪಟ್ಟಿಗೂ ಇಡೀ ಟೇಬಲ್ ಓದುತ್ತಿದೆ. ಸಮಯದ ಕಾಲಂಗೆ ಇಂಡೆಕ್ಸ್ (ಪುಸ್ತಕದ ಹಿಂದಿನ ಸೂಚಿಯ ಹಾಗೆ) ಇತ್ತು, ಆದರೆ ಕ್ವೆರಿಯಲ್ಲಿ ಆ ಕಾಲಂ ಸುತ್ತ ಸಮಯದಿಂದ ತಾರೀಖನ್ನಷ್ಟೇ ತೆಗೆಯುವ ಡೇಟ್ ಫಂಕ್ಷನ್ ಹಾಕಿದ್ದರು, ಹಾಗೆ ಮಾಡಿದರೆ ಆ ಇಂಡೆಕ್ಸ್ ಹಿಡಿದು ಹುಡುಕೋಕೆ ಆಗುವುದಿಲ್ಲ. ಫಂಕ್ಷನ್ ತೆಗೆಸಿ, ಇವತ್ತು ಶುರುವಾದ ಕ್ಷಣದಿಂದ ನಾಳೆ ಶುರುವಾಗುವ ಮುಂಚಿನವರೆಗೆ ಅಂತ ಬರೆಸಿದೆವು. ಮೊದಲು ಅಂಗಡಿ, ಆಮೇಲೆ ಸಮಯ, ಈ ಕ್ರಮದಲ್ಲಿ ಹೊಸ ಇಂಡೆಕ್ಸ್ ಕೊಟ್ಟೆವು. ಕ್ರಮ ಮುಖ್ಯ: ಸಮ ಇರಬೇಕಾದ್ದು ಮುಂದೆ, ಇಷ್ಟರಿಂದ ಇಷ್ಟು ಅನ್ನುವುದು ಹಿಂದೆ.

ಇದನ್ನು ಗುರುವಾರ ನೇರವಾಗಿ ಅಂಗಡಿಯವರ ಮೇಲೆ ಪ್ರಯೋಗ ಮಾಡೋದಾ? ಖಂಡಿತ ಬೇಡ. ಮೈಎಸ್‌ಕ್ಯೂಎಲ್‌ಡಂಪ್‌ಗೆ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆ ಕೊಟ್ಟು ಡೇಟಾದ ಪ್ರತಿ ತೆಗೆದೆ. ಇನೋಡಿಬಿ (ಮೈಎಸ್‌ಕ್ಯೂಎಲ್ ಡೇಟಾ ಇಡುವ ಒಂದು ಬಗೆ) ಟೇಬಲ್ ಆದರೆ ಬಿಲ್ಲಿಂಗ್ ನಿಲ್ಲಿಸದೇ ತೆಗೆಯಬಹುದು. ಅದನ್ನು ಬೇರೆ ಮಷಿನ್‌ಗೆ ಹಾಕಿ ಭಾರ ಹಾಕಿ ಪರೀಕ್ಷಿಸುವ ಮೈಎಸ್‌ಕ್ಯೂಎಲ್‌ಸ್ಲ್ಯಾಪ್ ಓಡಿಸಿದೆ. ಕನ್‌ಕರೆನ್ಸಿ 10,25,50 ಅಂತ ಕೊಟ್ಟರೆ ಅಷ್ಟಷ್ಟು ಜನ ಒಟ್ಟಿಗೆ ಕೇಳಿದ ಹಾಗೆ ಕ್ವೆರಿ ಬಿಟ್ಟು ಸರಾಸರಿ, ಕನಿಷ್ಠ, ಗರಿಷ್ಠ ಸೆಕೆಂಡ್ ಹೇಳುತ್ತದೆ. ಒಂದೇ ಅಂಗಡಿಯ ಕ್ವೆರಿಯನ್ನು ತಿರುಗಿಸಿ ತಿರುಗಿಸಿ ಕೊಟ್ಟರೆ ಡೇಟಾ ಮೆಮೊರಿಯಲ್ಲೇ ಕೂತು ಸುಮ್ನೆ ಚೆಂದದ ಉತ್ತರ ಬರುತ್ತದೆ. ಹಾಗಾಗಿ ಎಲ್ಲ ಅಂಗಡಿಗಳ, ಬೇರೆ ಬೇರೆ ದಿನಗಳ ಕ್ವೆರಿಗಳನ್ನು ಫೈಲಿಗೆ ಹಾಕಿ, ಒಂದೊಂದು ಕ್ವೆರಿ ಬೇರೆ ಆಗಲಿ ಅಂತ ಡಿಲಿಮಿಟರ್ ಆಗಿ ಅರ್ಧವಿರಾಮ ಕೊಟ್ಟೆ. ಹಳೇ ಕ್ವೆರಿ 25ಕ್ಕೇ ಏದುಸಿರು ಬಿಟ್ಟಿತು. ಹೊಸದು 50ರಲ್ಲೂ ಆರಾಮಾಗಿ ಓಡಿತು, ಹೊಸ ಸರ್ವರ್ ಮಾತು ಅಲ್ಲಿಗೆ ಬಿಟ್ಟೆವು.

ಸ್ಲ್ಯಾಪ್ ಉತ್ತರವನ್ನು ಸಿಎಸ್‌ವಿ ಮಾಡಿ ಇಟ್ಟುಕೊಂಡಿದ್ದೇನೆ. ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾದಾಗೆಲ್ಲ ಅದೇ ಕ್ವೆರಿ ಫೈಲ್ ಮತ್ತೆ ಓಡಿಸಿ ಹೋಲಿಸುತ್ತೇನೆ.