ಮೊನಾಡ್ನಾಕ್ ಹತ್ತುವ ಮುನ್ನ ಇಳಿಯುವ ಲೆಕ್ಕ

ತುಮಕೂರಿನಿಂದ ಅಪ್ಪ ಬಾಸ್ಟನ್‌ಗೆ ಬಂದಾಗ ಅವರನ್ನು ಮೊನಾಡ್ನಾಕ್ ಬೆಟ್ಟಕ್ಕೆ ಕರೆದೊಯ್ಯಬೇಕೆಂದು ನಾನು ಮೊದಲೇ ನಿಶ್ಚಯಿಸಿದ್ದೆ. ಅಪ್ಪ ದೇವರಾಯನದುರ್ಗ ಹತ್ತಿ ಪಳಗಿದವರು, ಏರುವುದಕ್ಕೆ ಅಂಜುವವರಲ್ಲ. ನನಗಿದ್ದ ಚಿಂತೆ ಇಳಿಯುವಾಗಿನ ಅವರ ಮಂಡಿಯದು. ಹಾಗಾಗಿ ಇಡೀ ದಿನವನ್ನು ಇಳಿಯುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಯೋಜಿಸಿದೆ.

ನ್ಯೂ ಹ್ಯಾಂಪ್‌ಶೈರ್‌ನ ಜಾಫ್ರಿ ಊರಿನ ಬಳಿ ಸ್ಟೇಟ್ ಪಾರ್ಕ್‌ನೊಳಗೆ ಇರುವ ಈ ಬೆಟ್ಟದ ಎತ್ತರ 3,165 ಅಡಿ. ಸಂಖ್ಯೆ ದೊಡ್ಡದಲ್ಲ. ಆದರೆ ವೈಟ್ ಡಾಟ್ ದಾರಿಯಲ್ಲಿ ಸುಮಾರು ಎರಡು ಮೈಲಿಯೊಳಗೆ 1,800 ಅಡಿಯಷ್ಟು ಏರಬೇಕು. ಮೊದಲ ಅರ್ಧ ಗಂಟೆ ಕಾಡಿನ ಸಲೀಸಾದ ದಾರಿ, ಆಮೇಲೆ ಕೈಯೂರಿ ಹತ್ತಬೇಕಾದ ಬಂಡೆಗಳು. ಅಂಥ ಬಂಡೆಯನ್ನು ಹತ್ತುವುದು ಸುಲಭ, ಇಳಿಯುವುದು ಕಷ್ಟ. ಆದ್ದರಿಂದ ವೈಟ್ ಡಾಟ್‌ನಲ್ಲಿ ಏರಿ, ಕಡಿದು ಸ್ವಲ್ಪ ಕಡಿಮೆಯಿರುವ ವೈಟ್ ಕ್ರಾಸ್‌ನಲ್ಲಿ ಇಳಿಯುವುದೆಂದು ಗೊತ್ತುಮಾಡಿದೆ. ಎಲ್ಲಿದ್ದರೂ ಮಧ್ಯಾಹ್ನ ಹನ್ನೆರಡೂವರೆಗೆ ಹಿಂದಿರುಗಬೇಕು ಎಂದು ಅಪ್ಪನಿಂದ ಮಾತು ತೆಗೆದುಕೊಂಡೆ.

ಎಲೆಗಳು ಕೆಂಪಾಗುವ ಅಕ್ಟೋಬರ್‌ನಲ್ಲಿ ಜನಜಾತ್ರೆ. ಹಿಂದಿನ ವರ್ಷ ಪಾರ್ಕಿಂಗ್ ಕಾಯ್ದಿರಿಸದೆ ಹೋಗಿ ಗೇಟಿನಿಂದಲೇ ವಾಪಸಾಗಿದ್ದೆ. ಈ ಸಲ ಸೆಪ್ಟೆಂಬರ್ ಕೊನೆಯ ವಾರದ ದಿನವೊಂದನ್ನು ಕಾಯ್ದಿರಿಸಿದೆ. ಹಿಂದಿನ ರಾತ್ರಿ ಮಳೆ ಬಿತ್ತು. ಕಟ್ಟಿದ ಹಣ ಹೋದರೆ ಹೋಗಲಿ ಎಂದು ಎರಡು ದಿನ ಮುಂದೂಡಿದೆ. ಒದ್ದೆ ಬಂಡೆಯ ಮೇಲೆ ಬೂಟು ಎಷ್ಟೇ ಒಳ್ಳೆಯದಿರಲಿ, ನಂಬಬಾರದು.

ತಲೆಗೆ ಎರಡು ಲೀಟರ್ ನೀರು, ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿದ ಚಪಾತಿ, ಗಾಳಿ ತಡೆಯುವ ಜಾಕೆಟ್. ಕೆಳಗೆ ಬೆವರು ಸುರಿಯುವಾಗ ಜಾಕೆಟ್ ಭಾರವೆನಿಸುತ್ತದೆ, ಆದರೆ ಬಿಟ್ಟುಹೋಗುವಂತಿಲ್ಲ. ತುದಿಯಲ್ಲಿ ಮರೆಗೆ ಒಂದು ಮರವೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಬಿದ್ದ ಮರಗಳ ನಡುವೆ ತೋಳಗಳು ಅಡಗಿವೆಯೆಂದು ಸುತ್ತಲಿನ ರೈತರು ಬೆಟ್ಟಕ್ಕೆ ಬೆಂಕಿಯಿಟ್ಟರು. ಕಾಡು ಸುಟ್ಟು ಮಣ್ಣು ಕೊಚ್ಚಿಹೋಯಿತು. ಉಳಿದದ್ದು ಬರಿಯ ಕಲ್ಲು.

ಆ ಕಲ್ಲಿನ ಮೇಲೆ ಅಪ್ಪ ಅಂಗೈಯಿಟ್ಟು ಸವರಿದರು. ಹಸಿರು ಬೂದು ಬಣ್ಣದ ಕಲ್ಲುಹೂವು ಅದರ ಮೈಗೆ ಹುರುಪೆಯಂತೆ ಅಂಟಿತ್ತು. ಗಾಳಿಗೆ ಚಪಾತಿಯ ಸುರುಳಿ ಬಿಚ್ಚಿಕೊಳ್ಳುತ್ತಿತ್ತು. ದೂರದಲ್ಲಿ ಬಾಸ್ಟನ್ನಿನ ಕಟ್ಟಡಗಳು ಕಡ್ಡಿ ನೆಟ್ಟಂತೆ ಕಂಡವು. ಗಡಿಯಾರ ಹನ್ನೆರಡು ಹತ್ತು ತೋರಿಸುತ್ತಿತ್ತು.

ಇಳಿಯುವಾಗ ಎರಡು ಕಡೆ ಅಪ್ಪ ಬಂಡೆಯ ಮೇಲೆ ಕುಳಿತು, ಅಂಗೈಯೂರಿ ಜಾರಿಕೊಂಡು ಇಳಿದರು. ನಾನು ಕೈ ಚಾಚಿದರೆ, "ಅವಸರ ಬೇಡ ಕಣಮ್ಮ, ಹೊತ್ತಿದೆಯಲ್ಲ" ಎಂದರು. ಹೊತ್ತು ನಿಜವಾಗಿಯೂ ಇತ್ತು. ಮೂರು ಗಂಟೆಗೆ ಕಾರಿನ ಬಳಿ ಬೂಟು ಬಿಚ್ಚಿ, ಮಂಡಿ ಒತ್ತಿಕೊಳ್ಳುತ್ತಾ ನಕ್ಷೆ ಕೇಳಿದರು. ನಾಲ್ಕು ಮೈಲಿಗೂ ಹೆಚ್ಚು ಉದ್ದದ ಪಂಪೆಲಿ ದಾರಿಯ ಮೇಲೆ ಅವರ ಬೆರಳು ನಿಂತಿತ್ತು.