ಸೊಲಾರಿಸ್ 10ರಲ್ಲಿ ವಿಐ ಪೂರ್ತಿ ಪರದೆ ತೆರೆಯದಿದ್ದಾಗ

ಈಗಿನ ಲಿನಕ್ಸ್ ಯಂತ್ರದಿಂದ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಸಾಧನ) ಮೂಲಕ ಸೊಲಾರಿಸ್ 10 ಎಂಬ ಹಳೆಯ ಯೂನಿಕ್ಸ್ ಇರುವ ಯಂತ್ರಕ್ಕೆ ಹೋಗಿ ವಿಐ ಎಂಬ ಪಠ್ಯ ಎಡಿಟರ್ ತೆರೆದರೆ ಒಂದೇ ಸಾಲು ಕಾಣುತ್ತಿತ್ತು. ಜೊತೆಗೆ, ಟರ್ಮಿನಲ್ ಯಾವುದೆಂದು ತಿಳಿಯದೆ ಓಪನ್ ಮೋಡ್ (ಒಂದೇ ಸಾಲು ತೋರಿಸುವ ವಿಧಾನ) ಬಳಸುತ್ತಿರುವುದಾಗಿ ಸಂದೇಶ. ಎಡಿಟರ್ ಕೆಟ್ಟಿರಲಿಲ್ಲ. ಎಸ್‌ಎಸ್‌ಎಚ್ ನಮ್ಮ ಕಡೆಯ ಟರ್ಮಿನಲ್ ಹೆಸರನ್ನು ಆ ಕಡೆಗೂ ಒಯ್ಯುತ್ತದೆ. 'ಎಕ್ಸ್‌ಟರ್ಮ್-256ಕಲರ್' ಎಂಬ ಹೆಸರು ಆ ಯಂತ್ರದ ಟರ್ಮ್‌ಇನ್ಫೋದಲ್ಲಿ, ಅಂದರೆ ಟರ್ಮಿನಲ್‌ಗಳ ವಿವರಗಳ ಸಂಗ್ರಹದಲ್ಲಿ, ಇರಲಿಲ್ಲ.

ಲಾಗಿನ್ ಆದಾಗ ಓಡುವ ಪ್ರೊಫೈಲ್ ಫೈಲಿನಲ್ಲಿ, ಟರ್ಮಿನಲ್ ಹೆಸರು ಇಡುವ ಟರ್ಮ್ ವೇರಿಯಬಲ್‌ಗೆ ಬರೀ 'ಎಕ್ಸ್‌ಟರ್ಮ್' ಎಂದು ಕೊಟ್ಟರೆ ಸಾಕು. ಆದರೆ ಮೌಲ್ಯ ಕೊಡುವುದು ಒಂದು ಸಾಲು, ಎಕ್ಸ್‌ಪೋರ್ಟ್ (ಅದನ್ನು ಇತರ ಪ್ರೋಗ್ರಾಂಗಳಿಗೂ ತಲುಪಿಸುವುದು) ಇನ್ನೊಂದು ಸಾಲು. ಇಲ್ಲಿನ ಶೆಲ್ (ಆದೇಶಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಹಳೆಯ ಬೋರ್ನ್ ಶೆಲ್. ಲಿನಕ್ಸ್‌ನಲ್ಲಿ ಸಾಮಾನ್ಯವಾದ ಬ್ಯಾಷ್ ಶೆಲ್‌ನ ರೂಢಿಯಂತೆ ಎರಡನ್ನೂ ಒಟ್ಟಿಗೆ ಬರೆದರೆ 'ಐಡೆಂಟಿಫೈಯರ್ ಅಲ್ಲ' ಎಂದು ನಿರಾಕರಿಸುತ್ತದೆ. 256 ಬಣ್ಣ ಬೇಕೇ ಬೇಕೆಂದರೆ ಲಿನಕ್ಸ್‌ನಲ್ಲಿ ಟರ್ಮಿನಲ್ ವಿವರವನ್ನು ಪಠ್ಯವಾಗಿ ಕೊಡುವ ಇನ್ಫೋಸಿಎಂಪಿ ಓಡಿಸಿ, ಅದರ ಔಟ್‌ಪುಟ್ ಫೈಲನ್ನು ಸೊಲಾರಿಸ್‌ಗೆ ತಂದು, ಟರ್ಮ್‌ಇನ್ಫೋ ವೇರಿಯಬಲ್‌ಗೆ ನಿಮ್ಮ ಹೋಮ್‌ನ ಒಂದು ಡೈರೆಕ್ಟರಿ ತೋರಿಸಿ, ಟಿಕ್ ಎಂಬ ಆದೇಶದಿಂದ ಕಂಪೈಲ್ ಮಾಡಿ. ರೂಟ್ (ನಿರ್ವಾಹಕ) ಅಧಿಕಾರ ಬೇಕಾಗಿಲ್ಲ. ಆ ವೇರಿಯಬಲ್ ಕೂಡ ಪ್ರೊಫೈಲ್‌ನಲ್ಲಿರಲಿ, ಇಲ್ಲವಾದರೆ ಮುಂದಿನ ಲಾಗಿನ್‌ಗೆ ಅದೇ ಪಾಡು. ಹಳೆಯ ವಿಐಗೆ ಮಾತ್ರವಾದರೆ ಇಷ್ಟು ಶ್ರಮ ದಂಡ, ಅದು ಬಣ್ಣ ಹಾಕುವುದೇ ಇಲ್ಲ.

ಇನ್ನು ಸೆಟ್ಟಿಂಗ್‌ಗಳು. ವಿಐನ ಹೊಸ ರೂಪವಾದ ವಿಮ್‌ನ ಆರ್‌ಸಿ (ಸೆಟ್ಟಿಂಗ್) ಫೈಲನ್ನು ಹಾಗೇ ನಕಲು ಮಾಡಬೇಡಿ. ಸಿಂಟ್ಯಾಕ್ಸ್, ಎಚ್‌ಎಲ್‌ಸರ್ಚ್ ಈ ವಿಐಗೆ ಗೊತ್ತಿಲ್ಲ. ಈ ವಿಐನ ಸೆಟ್ಟಿಂಗ್ ಫೈಲಾದ ಎಕ್ಸ್‌ಆರ್‌ಸಿಯಲ್ಲಿ ನಂಬರ್, ಶೋಮೋಡ್, ಆಟೋಇಂಡೆಂಟ್, ಟ್ಯಾಬ್‌ಸ್ಟಾಪ್ ಇಷ್ಟೇ ಇಡಿ. ನಡುವೆ ಖಾಲಿ ಸಾಲು ಬಿಟ್ಟರೂ ದೋಷ ಬರುತ್ತದೆ, ಏಕೆಂದರೆ ವಿಐನ ಒಳಗಿನ ಎಕ್ಸ್ ಎಂಬ ಸಾಲು ಎಡಿಟರ್‌ಗೆ ಖಾಲಿ ಸಾಲೆಂದರೆ 'ಮುಂದಿನ ಸಾಲು ತೋರಿಸು' ಎಂಬ ಆದೇಶ. ಇವೇ ಸೆಟ್ಟಿಂಗ್‌ಗಳನ್ನು ಇಡಬಹುದಾದ ಎಕ್ಸ್‌ಇನಿಟ್ ವೇರಿಯಬಲ್ ಇದ್ದರೆ ಹೋಮ್‌ನ ಈ ಫೈಲನ್ನು ವಿಐ ಓದುವುದೇ ಇಲ್ಲ. ಬದಲಾವಣೆ ಹತ್ತದಿದ್ದರೆ ಮೊದಲು ಅದನ್ನು ನೋಡಿ.