ಎರಡು ತುಂಡಿನ ಕೀಬೋರ್ಡಿಗೆ ನನ್ನ ಕೈ ಪಳಗಿದ ಬಗೆ

ದಿನವಿಡೀ ಕನ್ನಡ ಟೈಪ್ ಮಾಡುವುದೇ ನನ್ನ ಕೆಲಸ. ಸಾಮಾನ್ಯ ಕೀಬೋರ್ಡಿನಲ್ಲಿ ಎರಡೂ ಕೈಗಳು ಎದೆಯ ಮುಂದೆ ಒತ್ತಟ್ಟಿಗೆ ಬರಬೇಕು. ಆಗ ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟಗಾಗುತ್ತದೆ. ಸಂಜೆಯ ಹೊತ್ತಿಗೆ ಅಲ್ಲೇ ಸೆಳೆತ. ಅದಕ್ಕಾಗಿಯೇ ಎರಡು ತುಂಡಿನ ಕೀಬೋರ್ಡ್ ತಂದೆ. ತುಂಡುಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟ ಕೂಡಲೇ ಮಣಿಕಟ್ಟು ನೆಟ್ಟಗಾಯಿತು. ಬೆರಳುಗಳು ಮಾತ್ರ ಮಾತು ಕೇಳಲಿಲ್ಲ.

ಕೀಬೋರ್ಡ್ ಎರಡಾಗಿದ್ದಕ್ಕಿಂತ ಹೆಚ್ಚು ಕಾಡಿದ್ದು ಕೀಲಿಗಳ ಸಾಲು. ಹಳೆಯ ಕೀಬೋರ್ಡಿನ ಪ್ರತಿ ಸಾಲೂ ಮೇಲಿನ ಸಾಲಿಗಿಂತ ಕೊಂಚ ಬಲಕ್ಕೆ ಸರಿದಿರುತ್ತದೆ. ಬೆರಳಚ್ಚು ಯಂತ್ರದಲ್ಲಿ ಒಂದೊಂದು ಕೀಲಿಗೂ ಒಂದೊಂದು ಸನ್ನೆಕೋಲು ಇರುತ್ತಿತ್ತು, ಅವು ಒಂದಕ್ಕೊಂದು ತಾಗದೆ ಸಾಗಬೇಕಿತ್ತು. ಸನ್ನೆಕೋಲು ಹೋದ ಮೇಲೂ ಓರೆ ಉಳಿದುಕೊಂಡಿತು. ಹೊಸದರಲ್ಲಿ ಕೀಲಿಗಳು ಬೆರಳಿನ ನೇರಕ್ಕೆ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಓರೆಗೆ ಒಗ್ಗಿದ ಎಡಗೈ ಒಂದು ಕೀಲಿಯಷ್ಟು ಬಲಕ್ಕೆ ಹಾರುತ್ತಿತ್ತು. ನಾನು ಬಳಸುವುದು ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಲಿಪಿಗಳಿಗಾಗಿ ಮಾಡಿದ ಕೀಲಿವಿನ್ಯಾಸ. ಅದರ ಕೆಳಸಾಲಿನಲ್ಲಿ ಮ, ನ, ವ ಅಕ್ಕಪಕ್ಕದಲ್ಲಿವೆ. ‘ಮನೆ’ ಎಂದು ಒತ್ತಿದರೆ ಪರದೆಯ ಮೇಲೆ ‘ನವೆ’ ಮೂಡುತ್ತಿತ್ತು! ವ ಅಕ್ಷರವನ್ನಂತೂ ನಾನು ಬಲಗೈಯಿಂದ ಒತ್ತುತ್ತಿದ್ದೆ. ಈಗ ಅದು ಎಡ ತುಂಡಿನಲ್ಲಿದೆ, ಬಲಗೈ ಹುಡುಕಿ ಹೋದರೆ ಸಿಗುವುದು ಬರೀ ಮೇಜು.

ಉದ್ದದ ಅಭ್ಯಾಸಪಾಠಗಳಿಗಿಂತ ಇಂತಹ ಪದಗಳನ್ನೇ ಆರಿಸಿ ನಿಧಾನವಾಗಿ, ತಪ್ಪಿಲ್ಲದೆ ಒತ್ತಿದ್ದು ನನಗೆ ಫಲ ಕೊಟ್ಟಿತು: ಮನೆ, ಮನವಿ, ನವಮಿ, ವಿಮಾನ. ವೇಗದ ಗೊಡವೆಗೆ ಹೋಗಲಿಲ್ಲ. ಅವಸರದ ಕೆಲಸವನ್ನು ಕೆಲವು ವಾರ ಹಳೆಯ ಕೀಬೋರ್ಡಿನಲ್ಲೇ ಮುಗಿಸಿದೆ.

ಕನ್ನಡಕ್ಕಾಗಿ ಕೊಳ್ಳುವವರು ಒಂದನ್ನು ಮೊದಲೇ ನೋಡಿಕೊಳ್ಳಬೇಕು. ಇನ್‌ಸ್ಕ್ರಿಪ್ಟ್‌ನಲ್ಲಿ ಡ ಇರುವುದು ‘ಪಿ’ಯ ಬಲಕ್ಕಿರುವ ಚೌಕ ಆವರಣದ ಕೀಲಿಯಲ್ಲಿ. 42 ಕೀಲಿಗಳ ಪುಟ್ಟ ಕೀಬೋರ್ಡುಗಳಲ್ಲಿ ಸಾಮಾನ್ಯವಾಗಿ ಆ ಜಾಗದಲ್ಲಿ ಬ್ಯಾಕ್‌ಸ್ಪೇಸ್ ಇರುತ್ತದೆ. ಆವರಣವನ್ನು ಇನ್ನೊಂದು ಲೇಯರ್‌ಗೆ, ಅಂದರೆ ಬೇರೊಂದು ಕೀಲಿಯನ್ನು ಒತ್ತಿ ಹಿಡಿದಾಗ ಮಾತ್ರ ಸಿಗುವ ಪದರಕ್ಕೆ, ತಳ್ಳಿರುತ್ತಾರೆ. ‘ಕನ್ನಡ’ ಎಂದು ಬರೆಯಲೇ ಎರಡು ಕೀಲಿಗಳನ್ನು ಕೂಡಿಸಿ ಒತ್ತಬೇಕಾದ ಪಾಡು. ನನ್ನ ಕೀಬೋರ್ಡ್ ಕೀಲಿಗಳ ಕೆಲಸವನ್ನು ಬದಲಿಸಲು ಬರುವಂಥದ್ದಾದ್ದರಿಂದ ನಾನು ಬ್ಯಾಕ್‌ಸ್ಪೇಸನ್ನು ಎಡ ಹೆಬ್ಬೆರಳಿಗೆ ಕೊಟ್ಟು, ಡ ಅಕ್ಷರವನ್ನು ಅದರ ಜಾಗಕ್ಕೇ ಮರಳಿ ತಂದೆ.

ಶಿಫ್ಟ್ ಕೀಲಿಯನ್ನೂ ಕಿರುಬೆರಳಿನಿಂದ ಹೆಬ್ಬೆರಳಿಗೆ ಸರಿಸಿದೆ. ಮಹಾಪ್ರಾಣಗಳು ಹಾಗಿರಲಿ, ಣ, ಳ ಬರೆಯಲೂ ಶಿಫ್ಟ್ ಬೇಕು. ‘ಗಳು’ ಬಾರದ ಸಾಲು ಕನ್ನಡದಲ್ಲಿ ಎಷ್ಟಿದ್ದೀತು? ನನ್ನ ಮಟ್ಟಿಗೆ ಇಡೀ ಬದಲಾವಣೆಯಲ್ಲಿ ಅತಿ ಹೆಚ್ಚು ಸುಖ ಕೊಟ್ಟಿದ್ದು ಇದೇ. ಆದರೆ ಹೆಬ್ಬೆರಳಿಗೂ ಮಿತಿಯಿದೆ. ಅಂಗೈಯೊಳಕ್ಕೆ ಮಡಚಿ ಒತ್ತಬೇಕಾದ ಕೀಲಿಗೆ ಪದೇ ಪದೇ ಬೇಕಾಗುವ ಯಾವುದನ್ನೂ ನಾನು ಇಟ್ಟಿಲ್ಲ.

ತುಂಡುಗಳ ಒಳಅಂಚನ್ನು ಎತ್ತರಿಸುವ ಕೆಲಸವನ್ನು ಕೊನೆಗೆ ಇಟ್ಟುಕೊಂಡೆ. ಅಕ್ಷರಗಳು ಕೈಗೆ ಕೂತ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋದೆ. ಮುಂಗೈ ತಿರುಚುವುದು ನಿಂತ ಎತ್ತರದಲ್ಲಿ ಸ್ಕ್ರೂ ಬಿಗಿ ಮಾಡಿದೆ.